ತಳದ ಗೆರೆ

ಭೂಗೋಳದ ಮೇಷ್ಟ್ರು ಉಸಿರೆಳೆದುಕೊಂಡ ಕಡೆಯಲ್ಲೆಲ್ಲ ಅವನು ಕತ್ತರಿ ಹಾಕುತ್ತ ಕೂತಿದ್ದ. ಮಕ್ಕಳು ಮನೆಯಲ್ಲಿ ಕೂತು ಕೇಳುವ ಪಾಠಗಳು ಅವು. ಮೇಷ್ಟ್ರು ಆಗಾಗ ಬಂದು ಈ ಕೋಣೆಯ ಕುರ್ಚಿಯಲ್ಲೇ ಕೂತು ಓದಿ ಹೋಗುತ್ತಿದ್ದರು. ಅವರು ಹೋದ ಮೇಲೆ ಕಂಪ್ಯೂಟರಿನಲ್ಲಿ ಉಳಿದ ಕೆಮ್ಮು, ಉಗುಳು ನುಂಗಿದ್ದು, ಕುರ್ಚಿ ಕಿರುಗುಟ್ಟಿದ್ದು, ಪ್ರತಿ ಖಂಡಕ್ಕೂ ಪ್ರತಿ ಸಾಗರಕ್ಕೂ ಮೊದಲು ತಪ್ಪದೆ ಬರುವ ‘ಅಂದರೆ’, ಇವನ್ನೆಲ್ಲ ಗುಡಿಸಿ ಪಾಠವನ್ನು ಚೊಕ್ಕ ಮಾಡಿಕೊಡುವುದು ಅವನ ಕೆಲಸ. ಉಸಿರು ಕತ್ತರಿಸಿದ ಜಾಗವನ್ನು ಹಾಗೇ ಬಿಡುವಂತಿಲ್ಲ. ಬಿಟ್ಟರೆ ಮೇಷ್ಟ್ರು ಮಾತಿನ ಮಧ್ಯೆ ಸತ್ತು ಸತ್ತು ಎದ್ದು ಬಂದಂತೆ ಕೇಳಿಸುತ್ತದೆ. ಅದಕ್ಕೇ ಯಾರೂ ಮಾತಾಡದ ಕೋಣೆಯ ಸದ್ದನ್ನು ಬೇರೆಯಾಗಿ ಹಿಡಿದಿಟ್ಟುಕೊಂಡು ತೂತಿಗೆ ತೇಪೆ ಹಾಕಿದ ಹಾಗೆ ತುಂಬಬೇಕು. ತೇಪೆ ಎಂಬ ಮಾತು ಅವನ ಹೆಂಡತಿಯದು. ಮದುವೆಯಾದ ಹೊಸದರಲ್ಲಿ ಅವನ ಹಿಂದೆ ನಿಂತು ಪರದೆಯನ್ನು ನೋಡಿ, ನೀವೂ ನನ್ನ ಹಾಗೇ ಬಿಡಿ, ತೇಪೆ ಹಾಕೋರು, ಎಂದು ನಕ್ಕಿದ್ದಳು. ಆಗ ಊಟದ ಹೊತ್ತಿಗೆ ಇಬ್ಬರೂ ಚಾಡಿ ಹೇಳಿಕೊಳ್ಳುತ್ತಿದ್ದರು. ಹೊಲಿಸಿಕೊಳ್ಳಲು ಬಂದವರಲ್ಲಿ ಯಾರ ಎಡಭುಜ ಇಳಿದಿದೆ, ಯಾರು ಅಳತೆ ಕೊಡುವಾಗ ಹೊಟ್ಟೆ ಒಳಕ್ಕೆ ಎಳೆದುಕೊಳ್ಳುತ್ತಾರೆ ಎಂದು ಅವಳು; ಯಾವ ಮೇಡಂ ಕಟ್ಟಿಸಿಕೊಂಡ ಹಲ್ಲು ‘ಸ’ಕಾರ ಬಂದಾಗ ಸೀಟಿ ಹೊಡೆಯುತ್ತದೆ ಎಂದು ಅವನು. ಊರಿನವರೆಲ್ಲರ ಐಬುಗಳೂ ಅವರಿಬ್ಬರ ತಟ್ಟೆಯ ಸುತ್ತ ಬಂದು ಕೂರುತ್ತಿದ್ದವು. ಈಗ ಊಟದ ಹೊತ್ತಿಗೆ ಅವಳು ಎರಡು ತುತ್ತಿಗೊಮ್ಮೆ ನೀರು ಕುಡಿಯುತ್ತಾಳೆ. ಮಾತ್ರೆಯಿಂದ ಬಾಯಿ ಒಣಗುತ್ತದೆ.

ಹೊರಗಿನ ಕೋಣೆಯಲ್ಲಿ ಅವಳು ಹೊಲಿಗೆ ಯಂತ್ರ ಒರೆಸುತ್ತಿದ್ದಳು. ಊಟದ ಹೊತ್ತು ಕಳೆದ ಮೇಲೆ ಅವಳ ಅಣ್ಣ ಬಂದು ಅದನ್ನು ಒಯ್ಯುವವರಿದ್ದರು. ಅವರ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಗಸಿನ ತಂಗಿ ಹೊಲಿಗೆ ಕಲಿಯುತ್ತಿದ್ದಾಳಂತೆ. ಕೈ ನಡುಗುವವಳ ಮನೆಯಲ್ಲಿ ಅದು ದೂಳು ತಿನ್ನುತ್ತ ಕೂರುವುದಕ್ಕಿಂತ ಒಬ್ಬರ ಉಪಯೋಗಕ್ಕೆ ಬರಲಿ ಎಂದು ಅಣ್ಣ ಹೇಳಿದ್ದರು. ಅವಳು ಆಗಲಿ ಎಂದಿದ್ದಳು. ಇತ್ತೀಚೆಗೆ ಎಲ್ಲದಕ್ಕೂ ಆಗಲಿ ಎನ್ನುತ್ತಾಳೆ. ಎಣ್ಣೆಬಟ್ಟೆ ಕಬ್ಬಿಣಕ್ಕೆ ಉಜ್ಜುವ ಸದ್ದು, ನಡುವೆ ನಿಂತು ಮತ್ತೆ ಶುರುವಾಗುವ ಸದ್ದು, ಮುಚ್ಚಿದ ಬಾಗಿಲಿನಾಚೆಯಿಂದ ಬರುತ್ತಿತ್ತು. ಅದು ನಿಲ್ಲಲಿ, ಆಮೇಲೆ ಖಾಲಿ ಕೋಣೆಯನ್ನು ಹಿಡಿದರಾಯಿತು ಎಂದು ಅವನು ಕಾದ. ಹಳೆಯ ತೇಪೆ ಮುಗಿದುಹೋಗಿತ್ತು. ಮೇಷ್ಟ್ರು ಅಷ್ಟೊಂದು ಉಸಿರಾಡುವ ಮನುಷ್ಯ.

ಕಾಯುತ್ತ ಕೂತವನು ಸುಮ್ಮನಿರಲಾರದೆ ಮೈಕನ್ನು ಸ್ಟ್ಯಾಂಡಿನಿಂದ ಬಿಡಿಸಿದ. ಬೆರಳಿಗೆ ಅಂಟು ಹತ್ತಿತು. ಮೈಕಿನ ಹೊಟ್ಟೆಗೆ ಎಂದೋ ಸುತ್ತಿದ್ದ ಕಪ್ಪು ಟೇಪು ಸೆಕೆಗೆ ಕರಗಿ ಜಾರಿತ್ತು. ಥೂ ಎಂದುಕೊಂಡು ಸಿಪ್ಪೆ ಬಿಡಿಸಿದ ಹಾಗೆ ಅದನ್ನು ಕಿತ್ತು, ಅಂಟು ಹೋಗುವವರೆಗೆ ಬಟ್ಟೆಯಿಂದ ತಿಕ್ಕಿ, ಮೈಕನ್ನು ಮತ್ತೆ ಸಿಕ್ಕಿಸಿದ. ಹೊರಗೆ ಉಜ್ಜುವುದು ನಿಂತಿತು. ಕೆಂಪು ಗುಂಡಿ ಒತ್ತಿ, ಯಾವಾಗಲೂ ಮಾಡುವಂತೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಉಸಿರನ್ನೂ ಆದಷ್ಟು ಒಳಗೇ ಇಟ್ಟುಕೊಂಡು ಕೂತ. ಈ ಕೆಲಸದಲ್ಲಿ ಅವನಿಗೆ ಹಿಂದೆಲ್ಲ ಒಂದು ಬಗೆಯ ಸುಖ ಸಿಗುತ್ತಿತ್ತು. ತಾನಿದ್ದೂ ಇಲ್ಲದ ಕೋಣೆ. ಈಗ ಅದೂ ಒಂದು ಕೆಲಸ, ಅಷ್ಟೆ.

ಮುಗಿದ ಮೇಲೆ ಅದನ್ನು ಪರದೆಯ ಮೇಲೆ ಹರವಿದ. ಸದ್ದನ್ನು ಚಿತ್ರವಾಗಿ ತೋರಿಸುವ ಒಂದು ನೋಟವಿದೆ. ಕೀರಲು ಸದ್ದುಗಳು ಮೇಲ್ಗಡೆ, ದಪ್ಪ ಸದ್ದುಗಳು ಕೆಳಗಡೆ, ಜೋರಿದ್ದಲ್ಲಿ ಬೆಳಕು, ಏನೂ ಇಲ್ಲದಲ್ಲಿ ಕಪ್ಪು. ಅವನಿಗೆ ಆ ಚಿತ್ರ ಮನೆಯ ಗೋಡೆಯಷ್ಟು ಪರಿಚಿತ. ತಳ ಯಾವಾಗಲೂ ಕಪ್ಪಗಿರುತ್ತದೆ. ಇವತ್ತು ತಳದಲ್ಲಿ ಒಂದು ಗೆರೆಯಿತ್ತು. ಪರದೆಯ ಅಂಚಿಗೆ ಅಂಟಿಕೊಂಡು, ತೆಳ್ಳಗೆ, ಹಳದಿಯಾಗಿ, ಅಡ್ಡಕ್ಕೆ ಎಳೆದ ಗೆರೆ. ಅವನಿಗೆ ಮೊದಲು ಬಂದದ್ದು ಕಿರಿಕಿರಿ. ಎಲ್ಲೋ ತಂತಿ ಕೆಟ್ಟಿದೆ, ಕರೆಂಟಿನ ಗುಂಯ್‌ಗಾಟ ಸೇರಿಕೊಂಡಿದೆ ಎಂದು ಒಂದೊಂದೇ ಪ್ಲಗ್ಗು ಕಿತ್ತ. ದೀಪ ಆರಿಸಿದ, ಫ್ಯಾನಿನ ಸ್ವಿಚ್ಚನ್ನು ಇನ್ನೊಮ್ಮೆ ನೋಡಿದ, ಕಂಪ್ಯೂಟರನ್ನು ಬ್ಯಾಟರಿಯ ಮೇಲೆ ಬಿಟ್ಟು ಮತ್ತೆ ಹಿಡಿದ. ಗೆರೆ ಹಾಗೇ ತೆವಳಿ ಬಂತು. ಅವನು ಕೈಯಲ್ಲಿ ವೈರು ಹಿಡಿದು ನೋಡುತ್ತಿದ್ದಂತೆ ಅದು ತಾನಾಗಿ ಕಡಿದುಹೋಯಿತು. ಕತ್ತರಿಸಿದ ದಾರದ ಹಾಗೆ. ಆಮೇಲೆ ಕಪ್ಪು. ಕಪ್ಪು ಹಾಗೇ ಮುಂದುವರಿಯಿತು, ಅವನಿಗೆ ಸಮಾಧಾನವಾಗುವಷ್ಟು ಹೊತ್ತು. ಆಮೇಲೆ ಗೆರೆ ಮತ್ತೆ ಶುರುವಾಯಿತು.

‘ಶುರುವಾಗುತ್ತೆ. ಸ್ವಲ್ಪ ಹೊತ್ತು ಇರುತ್ತೆ. ಇನ್ನೇನು ಅಭ್ಯಾಸ ಆಯ್ತು ಅನ್ನೋವಾಗ ನಿಲ್ಲುತ್ತೆ. ನಿಂತಾಗ ಎಲ್ಲಿ ಮತ್ತೆ ಶುರುವಾಗುತ್ತೋ ಅಂತ ಕಾಯಬೇಕು. ಕಾಯೋದೇ ಕಷ್ಟ.’ ಮನೆಯಲ್ಲಿ ಏನೋ ಸದ್ದು ಕೇಳಿಸುತ್ತಿದೆ ಎನ್ನತೊಡಗಿದ ದಿನಗಳಲ್ಲಿ ಅವಳು ಅಡುಗೆಮನೆಯ ಗೋಡೆಗೆ ಅಂಗೈಯಿಟ್ಟು ನಿಂತು ಹೀಗೆ ಹೇಳಿದ್ದಳು. ಹಣೆಯನ್ನೂ ಗೋಡೆಗೆ ಹಚ್ಚಿದ್ದಳು. ಅವನಿಗೆ ಆಗ ಮೊದಲು ಹೊಳೆದದ್ದು ಕಿಟಕಿ ತೆರೆದಿದೆ, ಎದುರುಮನೆಯವರು ನೋಡುತ್ತಾರೆ ಎಂಬುದು.

ಮೈಕನ್ನು ಕೈಗೆ ತೆಗೆದುಕೊಂಡು ತಿರುಗಿಸಿದ. ಟೇಪು ಇದ್ದ ಜಾಗದಲ್ಲಿ ಉಗುರಿನಷ್ಟು ಚಿಕ್ಕದೊಂದು ಸ್ವಿಚ್ಚು. ಅದನ್ನು ಒಂದು ಕಡೆ ಸರಿಸಿದರೆ ಮೈಕು ದಪ್ಪ ಸದ್ದುಗಳನ್ನೆಲ್ಲ ಬಾಗಿಲಲ್ಲೇ ತಡೆದುಬಿಡುತ್ತದೆ. ಬೀದಿಯ ಬಸ್ಸು, ಮೇಲಿನವರ ಹೆಜ್ಜೆ, ಯಾವುದೂ ಒಳಗೆ ಬರುವುದಿಲ್ಲ. ಮಾತು ಹಿಡಿಯುವವರಿಗೆ ಅದು ಹಾಗಿರುವುದೇ ಒಳ್ಳೆಯದು. ಎಂದೋ ಒಂದು ಸಲ ಹೆಬ್ಬೆರಳು ತಾಗಿ ಅದು ಸರಿದು, ಒಬ್ಬ ಮೇಡಂ ಬೆಳಗಿನಿಂದ ಓದಿದ ಪಾಠವೆಲ್ಲ ಬಸ್ಸುಗಳ ಗುಡುಗಿನಲ್ಲಿ ಮುಳುಗಿಹೋಗಿತ್ತು. ಆಕೆಯ ಕೈಲಿ ಬೈಸಿಕೊಂಡ ಮೇಲೆ ಅವನು ಸ್ವಿಚ್ಚನ್ನು ತಡೆಯುವ ಕಡೆಗೇ ತಳ್ಳಿ, ಇನ್ನೆಂದೂ ಅಲ್ಲಾಡದಂತೆ ಕಪ್ಪು ಟೇಪು ಸುತ್ತಿದ್ದ. ಸುತ್ತಿದ ಮೇಲೆ ಅಲ್ಲೊಂದು ಸ್ವಿಚ್ಚಿದೆ ಎಂಬುದನ್ನೇ ಮರೆತಿದ್ದ. ಈಗ ಬಟ್ಟೆಯಿಂದ ತಿಕ್ಕುವಾಗ ಅದು ಸರಿದಿದೆ. ಅವಳು ಹೇಳಿದ ಸದ್ದನ್ನು ಅವನು ಹುಡುಕಿದ್ದು ಇದೇ ಮೈಕಿನಲ್ಲಿ, ಟೇಪು ಸುತ್ತಿದ ಈ ಮೈಕಿನಲ್ಲಿ.

ಹೆಡ್‌ಫೋನ್ ಹಾಕಿಕೊಂಡು ಗೆರೆಯನ್ನು ಕೇಳಲು ನೋಡಿದ. ಏನೂ ಕೇಳಲಿಲ್ಲ. ದನಿ ಏರಿಸಿದ, ಇನ್ನೂ ಏರಿಸಿದ. ಕೊನೆಗೆ ಕಿವಿಯ ಮೇಲೆ ಯಾರೋ ಅಂಗೈ ಇಟ್ಟು ಮೆಲ್ಲಗೆ ಒತ್ತಿ ತೆಗೆಯುತ್ತಿರುವಂತೆ ಆಯಿತು. ಅದು ಸದ್ದೆಂದು ಹೇಳುವುದೂ ಕಷ್ಟ. ವರ್ಷಗಟ್ಟಲೆ ಬೇರೆಯವರ ಉಸಿರು ಹುಡುಕಿ ಹುಡುಕಿ ಅವನ ಕಿವಿ ತೆಳ್ಳಗಿನದಕ್ಕೆ ಚುರುಕಾಗಿ, ದಪ್ಪನೆಯದಕ್ಕೆ ಮಂಕಾಗಿತ್ತೋ ಏನೋ. ಅವಳದು ಹಾಗಲ್ಲ. ಹೊಲಿಯುವಾಗ ಯಂತ್ರದ ಸಣ್ಣ ತಕರಾರನ್ನೂ ಅಂಗಾಲಿನಿಂದಲೇ ತಿಳಿದುಕೊಳ್ಳುತ್ತಿದ್ದಳು. ಬೆಲ್ಟು ಸಡಿಲಾಗಿದೆ, ಕಾಲಿಗೆ ಗೊತ್ತಾಗ್ತಿದೆ, ಎನ್ನುತ್ತಿದ್ದಳು. ಅವನು ಹೆಡ್‌ಫೋನ್ ತೆಗೆದಿಟ್ಟು, ತನಗೆ ಈಗ ಏನನ್ನಿಸುತ್ತಿದೆ ಎಂದು ನೋಡಿಕೊಂಡ. ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ದಿನ ಸ್ವಂತ ತುಟಿ ಬೇರೆ ಯಾರದೋ ಎಂಬಂತೆ ಇರುತ್ತದಲ್ಲ, ಹಾಗೆ, ಎಲ್ಲಿ ಮುಟ್ಟಿ ನೋಡಿಕೊಂಡರೂ ಮರಗಟ್ಟಿತ್ತು.

ಸದ್ದು ಮೊದಲು ಕೇಳಿಸಿದಾಗ ಅವಳು ಕೆಳಗಿನ ಹೂವಿನಂಗಡಿಯವನ ಹತ್ತಿರ ಹೋಗಿದ್ದಳು. ಅವನು ಆಗಷ್ಟೇ ಅಂಗಡಿಯ ಹಿಂದೆ ಹೂ ಬಾಡದಿರಲೆಂದು ತಣ್ಣನೆಯ ಕೋಣೆಯೊಂದನ್ನು ಕಟ್ಟಿಸಿದ್ದ. ಹೊಸ ಮೆಷಿನ್ನು ಮೇಡಂ, ಸೊಳ್ಳೆಯಷ್ಟೂ ಸದ್ದು ಮಾಡಲ್ಲ ಎಂದು ಕೋಣೆಯ ಒಳಕ್ಕೇ ಕರೆದೊಯ್ದು ತೋರಿಸಿ, ಬರುವಾಗ ಒಂದು ಹೂಗೊಂಚಲನ್ನೂ ಕೈಲಿಟ್ಟು ಕಳಿಸಿದ. ಅವಳು ಮರುದಿನ ಮತ್ತೆ ಹೋದಳು. ಅದರ ಮರುದಿನವೂ. ಆಮೇಲೆ ಗಂಡನಾದ ಅವನೇ ಇಳಿದುಹೋಗಿ, ತಪ್ಪು ತಿಳ್ಕೋಬೇಡಿ, ಅವಳಿಗೆ ಸ್ವಲ್ಪ ಹುಷಾರಿಲ್ಲ ಎಂದು ಹೂವಿನಂಗಡಿಯವನ ಎದುರು ಕೈಮುಗಿದು ಬಂದಿದ್ದ. ಅವಳ ಕೈಗೆ ಮಾತ್ರೆ ಬರುವುದಕ್ಕೂ ಎಷ್ಟೋ ಮೊದಲಿನ ಮಾತು ಇದು. ಅಂಗಡಿಯವನು ತಲೆಯಾಡಿಸಿ, ನಮ್ಮ ಚಿಕ್ಕಮ್ಮನಿಗೂ ಹೀಗೇ ಇತ್ತು ಎಂದು ದನಿ ತಗ್ಗಿಸಿದ್ದ. ಅಂದಿನಿಂದ ಅವನನ್ನು ಕಂಡಾಗಲೆಲ್ಲ ಆ ಮನುಷ್ಯ ಒಂದು ನಗೆ ನಗುತ್ತಾನೆ, ಕಾಯಿಲೆಯವರ ಮನೆಯವರಿಗೆಂದೇ ತೆಗೆದಿಟ್ಟ ನಗೆ. ಅವನೂ ಅದಕ್ಕೆ ತಕ್ಕ ಮುಖ ಮಾಡುತ್ತಾನೆ.

ಅವಳನ್ನು ಡಾಕ್ಟರ ಬಳಿ ಕರೆದೊಯ್ಯಬೇಕೆಂದು ಪಟ್ಟುಹಿಡಿದವರು ಅವಳಣ್ಣ. ಈ ಭಾವ ತಮ್ಮ ಔಷಧಿ ಅಂಗಡಿಯ ಕೌಂಟರಿನ ಈಚೆ ನಿಂತವರ ಮುಖ ನೋಡಿಯೇ ಕಾಯಿಲೆ ಹೇಳುವಂಥವರು. ತಲೆನೋವೆಂದು ಬಂದವನು ಹೊಟ್ಟೆಗೂ ಸೇರಿಸಿ ಮಾತ್ರೆ ಕೊಂಡುಹೋಗುತ್ತಿದ್ದ. ತಂಗಿ ಎಂದರೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಅವಳು ಒಪ್ಪಲಿಲ್ಲ. ಸದ್ದಿದೆ ಎಂದಳು, ಸದ್ದಿರುವುದಕ್ಕೆ ತನಗೇಕೆ ಡಾಕ್ಟರು ಎಂದಳು. ಆಗ ಅವನೇ ದಾರಿ ತೋರಿಸಿದ್ದು. ಇದು ನನ್ನ ಕೆಲಸ, ನಾನು ಹಿಡಿದು ತೋರಿಸ್ತೀನಿ, ಇದ್ರೆ ಇದೆ, ಇಲ್ಲದಿದ್ರೆ ಇಲ್ಲ ಎಂದ. ಅವಳ ಮುಖ ಬೆಳಗಿದ್ದು ಅವನಿಗೆ ನೆನಪಿದೆ. ಆ ದಿನ ಮೈಕನ್ನು ಅವಳು ತೋರಿಸಿದ ಜಾಗದಲ್ಲೇ, ಹೊಲಿಗೆ ಯಂತ್ರದ ಪಕ್ಕ ನೆಲದ ಮೇಲೆ ಇಟ್ಟಿದ್ದ. ಅವಳು ಬೆಳಗಿನಿಂದ ಸಂಜೆಯವರೆಗೆ ಕೆಲಸ ಬಿಟ್ಟು, ಸೀರೆಯ ಸೆರಗು ಕೂಡ ಅಲುಗದಂತೆ, ಪರೀಕ್ಷೆಗೆ ಕೂತ ಮಗುವಿನ ಹಾಗೆ ಗೋಡೆಗೊರಗಿ ಕೂತಿದ್ದಳು. ಈಗ ಕೇಳಿಸ್ತಿದೆ ಎಂದು ಬಾಯಿ ಬಿಡದೆ ಬೆರಳೆತ್ತಿ ತೋರಿಸುತ್ತಿದ್ದಳು. ಸಂಜೆ ಭಾವ ಬಂದರು. ಮೂವರೂ ಈ ಪರದೆಯ ಮುಂದೆ ಕೂತರು. ತಳವೆಲ್ಲ ಕಪ್ಪು. ಅವನು ಉದ್ದಕ್ಕೂ ಸರಿಸುತ್ತ ಹೋದ, ಹಿಗ್ಗಿಸಿ ತೋರಿಸಿದ. ಕಪ್ಪು.

‘ಕಪ್ಪು ಅಂದ್ರೆ ಸದ್ದಿಲ್ಲ ಅಂತಾನಾ?’ ಎಂದು ಅವಳು ಕೇಳಿದಳು. ಹೌದು ಎಂದ. ಅವಳು ಪರದೆಯ ಹತ್ತಿರಕ್ಕೆ ಬಗ್ಗಿ, ಸೂಜಿಯ ಕಣ್ಣು ನೋಡುವಂತೆ ಕಣ್ಣು ಕಿರಿದು ಮಾಡಿ ನೋಡಿದಳು. ‘ಮೈಕಿಗೆ ಕೇಳಿಸದೇ ಇರೋ ಸದ್ದೂ ಇರಬಹುದಲ್ವಾ?’ ಎಂದಳು.

ಅವನು ನಕ್ಕುಬಿಟ್ಟಿದ್ದ. ಭಾವನ ಕಡೆ ನೋಡಿ ನಕ್ಕಿದ್ದ. ಇಪ್ಪತ್ತು ವರ್ಷ ಇದನ್ನೇ ತಿಂದು ಇದನ್ನೇ ಉಂಡವನಿಗೆ ಮೈಕಿನ ಪಾಠ ಹೇಳುತ್ತಾಳಲ್ಲ ಎಂಬ ನಗೆ. ಭಾವನೂ ನಕ್ಕರು. ಅವಳು ಇಬ್ಬರ ಮುಖವನ್ನೂ ನೋಡಿ, ‘ಹಾಗಾದ್ರೆ ಸರಿ’ ಎಂದು ಎದ್ದು ಹೋಗಿದ್ದಳು. ಅದೇ ವಾರ ಡಾಕ್ಟರು ಮಾತ್ರೆ ಬರೆದರು. ಕೆಲವು ದಿನ ಬಿಟ್ಟು, ಈಗ ಹೇಗಿದೆ ಎಂದು ಕೇಳಿದಾಗ, ಈಗ ಕೇಳಿಸ್ತಿಲ್ಲ ಎಂದಳು. ಮಾತ್ರೆ ಹಿಡಿಯಿತೆಂದು ಭಾವ ಖುಷಿಪಟ್ಟರು. ಅವನೂ ಹಗುರಾದ. ಅವಳ ಕೈ ನಡುಗಲು ಶುರುವಾದದ್ದು ಆಮೇಲೆ. ಅದಕ್ಕೇನೂ ಮಾಡುವಂತಿಲ್ಲ, ಮಾತ್ರೆ ನಿಲ್ಲಿಸಿದರೆ ಸದ್ದು ಮತ್ತೆ ಬಂದೀತು ಎಂದು ಡಾಕ್ಟರು ಹೇಳಿದ್ದರು.

ಬಾಗಿಲು ತೆರೆದು ಹೊರಗೆ ಹೋದ. ಹೇಳಬೇಕಾದ ಮಾತು ಚಿಕ್ಕದು. ಸದ್ದಿದೆ, ನೀನು ಹೇಳಿದ್ದು ನಿಜ. ಭಾವನಿಗೆ ಫೋನ್ ಮಾಡಿ ಬರಬೇಡಿ ಎಂದರಾಯಿತು, ಯಂತ್ರ ಇಲ್ಲೇ ಉಳಿಯುತ್ತದೆ, ಡಾಕ್ಟರಿಗೆ ಹೇಳಿ ಮಾತ್ರೆ ಬಿಡಿಸಿದರೆ ಕೈಯೂ ಸರಿಹೋದೀತು. ಇಷ್ಟೂ ಅವನಿಗೆ ತಿಳಿಯುತ್ತಿತ್ತು. ಅವಳು ಯಂತ್ರದ ಮುಂದೆ ಕೂತಿದ್ದಳು. ಒರೆಸಿ ಒರೆಸಿ ಕಬ್ಬಿಣ ಮಿರುಗುತ್ತಿತ್ತು. ಅವನನ್ನು ಕಂಡು, ದಾರದ ತುದಿಯನ್ನು ಅವನ ಕಡೆ ಚಾಚಿದಳು.

‘ಒಂದ್ಸಲ ಪೋಣಿಸಿಕೊಡ್ತೀರಾ? ಕೊಡೋ ಮುಂಚೆ ಹೊಲಿಗೆ ನೆಟ್ಟಗೆ ಬೀಳುತ್ತಾ ನೋಡಬೇಕು.’

ಅವನು ಬಗ್ಗಿ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಪೋಣಿಸಿದ. ಮೊದಲೆಲ್ಲ ಅವಳು ಮಾತಾಡುತ್ತ, ಸೂಜಿಯ ಕಡೆ ನೋಡದೆಯೇ ಪೋಣಿಸುತ್ತಿದ್ದಳು. ಮೊದಲ ಸಲ ಆಗದೆ ಹೋದಾಗ ದಾರವನ್ನೇ ಬೈದಿದ್ದಳು, ಆಮೇಲೆ ಕನ್ನಡಕವನ್ನು, ಆಮೇಲೆ ಒಂದು ದಿನ ಸುಮ್ಮನೆ ತಂದು ಅವನ ಕೈಗಿಟ್ಟಿದ್ದಳು. ಅವಳು ಚಿಂದಿಯೊಂದನ್ನು ಸೂಜಿಯ ಕೆಳಗಿಟ್ಟು ತುಳಿದಳು. ಬಟ್ಟೆಯನ್ನು ಮುಂದಕ್ಕೆ ತಳ್ಳುವ ಅವಳ ಬೆರಳುಗಳು ತಮಗೆ ತಾವೇ ಅದುರುತ್ತಿದ್ದವು, ಹೊಲಿಗೆ ನೀರಿನ ಮೇಲೆ ಬರೆದಂತೆ ಆ ಕಡೆ ಈ ಕಡೆ ಹೋಯಿತು. ಚಿಂದಿಯನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ‘ಮೆಷಿನ್ ಸರಿಯಾಗಿದೆ’ ಎಂದಳು. ಅವನ ಬಾಯಿಗೆ ಬಂದದ್ದು, ಊಟ ಮಾಡೋಣವಾ ಎಂಬ ಮಾತು. ಊಟ ಮಾಡಿದರು. ಅವಳು ನೀರು ಕುಡಿದಳು. ಅವಳು ಲೋಟ ಎತ್ತುವಾಗ ಎರಡೂ ಕೈ ಬಳಸುವುದನ್ನು ಅವನು ನೋಡದಂತೆ ನೋಡಿದ.

ಇನ್ನೂ ಖಾತ್ರಿಯಾಗಬೇಕು ಎಂದು ತನಗೆ ತಾನು ಹೇಳಿಕೊಂಡು ಮತ್ತೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಒಂದು ಗೆರೆ ನೋಡಿ ಹಾರಾಡುವುದು ಸರಿಯಲ್ಲ. ಸುಳ್ಳೇ ಆಸೆ ಹುಟ್ಟಿಸಿ ಆಮೇಲೆ ತಂತಿಯ ದೋಷ ಎಂದಾದರೆ ಅವಳ ಗತಿ ಏನು? ಹೀಗೆ ಅವಳ ಒಳಿತಿಗೆಂದೇ ತಡಮಾಡುತ್ತಿರುವಂತೆ ಅವನ ತಲೆ ಸಲೀಸಾಗಿ ಮಾತು ಹೆಣೆಯುತ್ತಿತ್ತು, ಅದು ಸಲೀಸಾಗಿ ಹೆಣೆಯುತ್ತಿದೆ ಎಂಬುದೂ ಅವನಿಗೆ ಕಾಣುತ್ತಿತ್ತು. ಸ್ವಿಚ್ಚನ್ನು ಹಳೆಯ ಕಡೆಗೆ ತಳ್ಳಿ ಹಿಡಿದ: ಕಪ್ಪು. ಈಚೆಗೆ ತಂದ: ಗೆರೆ. ಮತ್ತೆ ಆಚೆಗೆ, ಮತ್ತೆ ಈಚೆಗೆ. ಉಗುರಿನ ತುದಿಯಿಂದ ಅವಳನ್ನು ಹುಚ್ಚಿ ಮಾಡಿ, ಅಲ್ಲ ಎಂದು ಮಾಡಿ, ಮತ್ತೆ ಹುಚ್ಚಿ ಮಾಡಿದ ಹಾಗೆ. ಎಷ್ಟು ಸಲ ಹಾಗೆ ಮಾಡಿದನೋ, ಕರೆಗಂಟೆ ಹೊಡೆಯಿತು. ಖಾತ್ರಿ ಎಂಬುದು ಮೊದಲ ಸಲವೇ ಆಗಿತ್ತು.

ಭಾವ ಗೆಲುವಾಗಿದ್ದರು. ಕೈಯಲ್ಲಿ ಮುಂದಿನ ತಿಂಗಳ ಮಾತ್ರೆಯ ಪೊಟ್ಟಣ, ಕೆಳಗೆ ಸಾಮಾನಿನ ಗಾಡಿ. ಏನು ಪುಟ್ಟಿ, ಮುಖ ತುಂಬಿಕೊಂಡಿದೆಯಲ್ಲ ಎಂದು ತಂಗಿಯ ಕೆನ್ನೆ ತಟ್ಟಿದರು. ಬೀದಿಯಲ್ಲಿ ಯಾರನ್ನೇ ಕಂಡರೂ ಬೊಜ್ಜು ಇಳಿಸಲು ಹೇಳುವ ಮನುಷ್ಯ, ಮಾತ್ರೆಯಿಂದ ತಂಗಿ ಊದಿಕೊಂಡದ್ದನ್ನು ಮಾತ್ರ ಆರೋಗ್ಯವೆಂದು ತಿಳಿದಿದ್ದರು. ಅವಳು ನಕ್ಕಂತೆ ಮಾಡಿದಳು. ಸೂಜಿಗಳ ಡಬ್ಬಿ, ಎಣ್ಣೆಯ ಕುಪ್ಪಿ, ಹೆಚ್ಚಿನ ಬೆಲ್ಟು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಟ್ಟಿದ್ದಳು. ಭಾರೀ ಬಟ್ಟೆ ಹೊಲಿಯುವಾಗ ಮೊದಲ ಸುತ್ತನ್ನು ಕೈಯಿಂದ ತಿರುಗಿಸಬೇಕು, ಇಲ್ಲದಿದ್ದರೆ ದಾರ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ಆ ಹುಡುಗಿಗೆ ಮರೆಯದೆ ಹೇಳಬೇಕೆಂದು ಅಣ್ಣನಿಗೆ ಎರಡೆರಡು ಸಲ ಹೇಳಿದಳು. ಅಣ್ಣ ಆಗಲಿ ಆಗಲಿ ಎಂದರು. ಅವರು ಮರೆಯುತ್ತಾರೆಂದು ಮೂವರಿಗೂ ಗೊತ್ತಿತ್ತು.

‘ನೀವು ಆ ಕಡೆ ಹಿಡೀರಿ’ ಎಂದರು ಭಾವ. ಅವನು ಆ ಕಡೆ ಹಿಡಿದ. ಇದು ಹೇಳುವ ಹೊತ್ತು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಬಗ್ಗಿ, ಯಂತ್ರದ ಕಾಲಿನ ಅಡ್ಡಪಟ್ಟಿಗೆ ಬೆರಳು ಹಾಕಿ, ಎತ್ತಿದ. ಹಿಂದಕ್ಕೆ ನಡೆಯುತ್ತ ಬಾಗಿಲು ದಾಟಬೇಕಾದ್ದರಿಂದ ಅವಳು ಉದ್ದಕ್ಕೂ ಅವನ ಕಣ್ಣೆದುರಿಗೇ ಇದ್ದಳು. ಕೈಕಟ್ಟಿಕೊಂಡು ನಿಂತಿದ್ದಳು, ನಡುಗುವ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು. ಗೋಡೆ ನೋಡ್ಕೊಳ್ಳಿ, ಉಜ್ಜುತ್ತೆ ಎಂದಳು. ಅವನು ನೋಡಿಕೊಂಡ. ಮೆಟ್ಟಿಲುಗಳ ತಿರುವಿನಲ್ಲಿ ಭಾವನಿಗೆ ಉಬ್ಬಸ ಬಂತು. ಸ್ವಲ್ಪ ಇಳಿಸೋಣ ಎಂದು ಯಂತ್ರವನ್ನು ಅಲ್ಲೇ ಇಳಿಸಿ, ಬೆವರೊರೆಸಿಕೊಂಡು ಗೋಡೆಗೆ ಬೆನ್ನು ಕೊಟ್ಟರು. ಗೋಡೆಯ ಆಚೆ ಹೂವಿನಂಗಡಿಯವನ ತಣ್ಣನೆಯ ಕೋಣೆ.

‘ಏನೋ ಗುಂಯ್ ಅಂತಿದೆಯಲ್ರೀ ಇಲ್ಲಿ’ ಎಂದರು ಭಾವ. ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿ ನೋಡಿದರು. ‘ಬೆನ್ನಿಗೆ ಗೊತ್ತಾಗುತ್ತೆ ನೋಡಿ. ಅಂಗಡಿಯವನ ಫ್ರಿಜ್ಜಿರಬೇಕು.’

‘ಹೌದು’ ಎಂದ ಅವನು.

ಭಾವ ಹಾಯೆನ್ನಿಸಿದವರಂತೆ ಇನ್ನೂ ಒಂದಷ್ಟು ಹೊತ್ತು ಒರಗಿ ನಿಂತರು. ತಂಗಿಯ ಮಾತು ಅವರ ತಲೆಯ ಹತ್ತಿರವೂ ಸುಳಿಯಲಿಲ್ಲ. ಅವನು ಅವರ ಮುಖವನ್ನೇ ನೋಡುತ್ತಿದ್ದ, ಇವರೇ ಹೇಳಿಬಿಡಲಿ, ಇವರ ಬಾಯಿಂದಲೇ ಬರಲಿ ಎಂದು. ಅವರು ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡು, ಹೂಂ, ಎತ್ತಿ ಎಂದರು. ಗಾಡಿಗೆ ಹಾಕಿ ಹಗ್ಗ ಬಿಗಿಯುವಾಗ ಹೂವಿನಂಗಡಿಯವನು ಹೊರಗೆ ಬಂದು ಯಂತ್ರವನ್ನೂ ಅವನನ್ನೂ ನೋಡಿ ಅದೇ ನಗೆ ನಕ್ಕ. ಅವನೂ ಅದಕ್ಕೆ ತಕ್ಕ ಮುಖ ಮಾಡಿದ. ಅವನಿಗೆ ಅಸಹ್ಯವಾದದ್ದು ಆಗ, ತನ್ನ ಮುಖ ತಾನಾಗಿ ಹಾಗೆ ಆದದ್ದಕ್ಕೆ.

ಮೇಲೆ ಬಂದಾಗ ಅವಳು ಯಂತ್ರವಿದ್ದ ಜಾಗವನ್ನು ಗುಡಿಸುತ್ತಿದ್ದಳು. ಕಾಲುಗಳಿದ್ದಲ್ಲಿ ನೆಲ ಬೇರೆ ಬಣ್ಣವಾಗಿತ್ತು. ಕಸದಲ್ಲಿ ಬಣ್ಣಬಣ್ಣದ ದಾರದ ತುಣುಕುಗಳು, ಮುರಿದ ಸೂಜಿ, ಯಾರದೋ ಅಂಗಿಯ ಗುಂಡಿ. ಅವನು ಹೋಗಿ ಅವಳ ಕೈಯಿಂದ ಪೊರಕೆ ತೆಗೆದಿಟ್ಟು, ಸ್ವಲ್ಪ ಒಳಗೆ ಬಾ ಎಂದ. ಅವಳು ಬಂದಳು. ಮೂವರೂ ಪರದೆಯ ಮುಂದೆ ಕೂತ ಆ ಸಂಜೆಯ ನಂತರ ಅವಳು ಈ ಕೋಣೆಗೆ ಗುಡಿಸಲೂ ಬಂದಿರಲಿಲ್ಲ; ಮೇಷ್ಟ್ರ ಕುರ್ಚಿಯ ತುದಿಯಲ್ಲಿ ಕೂತಳು. ಅವನು ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿ, ಕೂದಲು ಸಿಕ್ಕಿಕೊಳ್ಳದಂತೆ ಸರಿಮಾಡಿ, ದನಿ ಏರಿಸಿ, ಬೆಳಗ್ಗೆ ಹಿಡಿದದ್ದನ್ನು ಬಿಟ್ಟ. ಅವಳ ಮುಖದಲ್ಲಿ ಏನಾದರೂ ಕಂಡೀತೆಂದು ಕಾದ. ಅಳಲಿ, ಬೈಯಲಿ, ಎದ್ದು ಹೋಗಲಿ. ಅವಳು ಪರದೆಯ ತಳದ ಗೆರೆಯನ್ನು ಉದ್ದಕ್ಕೂ ನೋಡಿದಳು.

‘ಸ್ವಿಚ್ಚು ಬೇರೆ ಕಡೆ ಇತ್ತು’ ಎಂದ. ‘ಅವತ್ತು. ಮೈಕಿಂದು. ನಾನೇ ಟೇಪು ಹಾಕಿದ್ದೆ, ನನಗೆ ಮರೆತೇ ಹೋಗಿತ್ತು. ಸದ್ದು ಇತ್ತು.’ ಹೆಡ್‌ಫೋನ್ ಹಾಕಿಕೊಂಡವಳಿಗೆ ಎಷ್ಟು ಕೇಳಿಸಿತೋ ಗೊತ್ತಾಗಲಿಲ್ಲ.

‘ಇದು ಯಾವಾಗಿನದು?’ ಎಂದಳು ಅವಳು.

ಈಗಷ್ಟೇ ಎನ್ನಬಹುದಿತ್ತು. ಗಾಡಿ ಹೋದ ಮೇಲೆ ಎನ್ನಬಹುದಿತ್ತು, ಅವಳು ನಂಬುತ್ತಿದ್ದಳು. ‘ಬೆಳಗಿನದು’ ಎಂದ.

‘ಅಣ್ಣ ಬರೋ ಮುಂಚೆ’ ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ದಾರ ಪೋಣಿಸಿಕೊಟ್ಟದ್ದನ್ನು, ಊಟವನ್ನು, ಆ ಕಡೆ ಹಿಡಿದದ್ದನ್ನು ಅವಳು ಒಂದೊಂದಾಗಿ ಅದರ ಹಿಂದೆ ಜೋಡಿಸುತ್ತಿರುವುದು ಅವಳ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಕಣ್ಣು ಮುಚ್ಚಿ, ಬೆನ್ನನ್ನು ಕುರ್ಚಿಗೆ ಒರಗಿಸಿ, ‘ನಿಲ್ಲಿಸಿ’ ಎಂದಳು.

ಅವನು ನಿಲ್ಲಿಸಿದ. ಹೆಡ್‌ಫೋನನ್ನೂ ತೆಗೆದು ಮೇಜಿನ ಮೇಲಿಟ್ಟ. ಅವಳು ಕಣ್ಣು ತೆರೆಯಲಿಲ್ಲ. ಹುಬ್ಬು ಇನ್ನೂ ಗಂಟಿಕ್ಕಿಯೇ ಇತ್ತು.

‘ನಿಲ್ಲಿಸಿ ಅಂದೆನಲ್ಲ.’

‘ನಿಲ್ಲಿಸಿದೀನಿ’ ಎಂದ.

ಈಗ ಕೇಳಿಸ್ತಿಲ್ಲ ಎಂದು ಡಾಕ್ಟರಿಗೆ ಹೇಳಿದವಳು, ಅಣ್ಣನಿಗೆ ಹೇಳಿದವಳು, ಅವನು ಊಟದ ನಡುವೆ ಕೇಳಿದಾಗಲೆಲ್ಲ ನೀರು ಕುಡಿದು ಅದನ್ನೇ ಹೇಳಿದವಳು, ಮಾತ್ರೆ ಶುರುವಾದ ದಿನದಿಂದ ಈವರೆಗೆ ಒಂದು ದಿನವೂ ತಪ್ಪದೆ ಅದನ್ನು ಕೇಳಿಸಿಕೊಂಡೇ ಇದ್ದಳು. ಅವರಿಬ್ಬರ ಮುಖ ಹಗುರಾಗಲೆಂದು ಹೇಳಿದ್ದಳು. ಅವನ ಕೈಗೆ ಬೇರೇನು ಮಾಡಬೇಕೆಂದು ತಿಳಿಯಲಿಲ್ಲ. ಅದು ಅಭ್ಯಾಸದಂತೆ ಹೋಗಿ ಕೆಂಪು ಗುಂಡಿಯನ್ನು ಒತ್ತಿತು. ಪರದೆಯ ಮೇಲೆ ಖಾಲಿ ಕೋಣೆ ಹೊಸದಾಗಿ ತೆರೆದುಕೊಂಡಿತು. ತಳದಲ್ಲಿ ಗೆರೆ ತೆವಳತೊಡಗಿತು. ಅವಳು ಕಣ್ಣು ಮುಚ್ಚಿಯೇ ಕೂತಿದ್ದಳು, ಕೈಗಳು ಮಡಿಲಲ್ಲಿ ಒಂದರ ಮೇಲೊಂದು ನಡುಗುತ್ತಿದ್ದವು. ಅವನಿಗೆ ಆ ಕೈಗಳನ್ನು ಹಿಡಿದುಕೊಳ್ಳಬೇಕೆನ್ನಿಸಿತು. ಅಲುಗಿದರೆ ಸದ್ದಾಗುತ್ತದೆಂದು ಸುಮ್ಮನೆ ಕೂತ. ಹೊರಗೆ ಬಸ್ಸೊಂದು ಹೋಗಿ, ತಳವೆಲ್ಲ ಕ್ಷಣ ಬೆಳಗಿ, ಮತ್ತೆ ಕಪ್ಪಾಗಿ, ಗೆರೆ ಮಾತ್ರ ಉಳಿಯಿತು.

‘ಈಗ ನಿಂತಿತು’ ಎಂದಳು ಅವಳು.

ಗೆರೆ ಅಲ್ಲಿಗೇ ಕಡಿದುಹೋಗಿತ್ತು. ಮತ್ತೆ ಶುರುವಾಗುವುದನ್ನು ಕಾಯುತ್ತ ಇಬ್ಬರೂ ಕೂತರು.